ಬೀಗರ ಗಾಡಿಗೆ ಗುದ್ದಿದ ಟಗರು ಸಾಹೇಬರಿಗೆ ಒಂದು ಬಿನ್ನಹ

ಬ್ಯಾಡಗಿಯಲ್ಲಿ, ಯಲ್ಲೇಶನ ಅಂಗಳದ ಬೇವಿನ ಗಿಡದ ಕೆಳಗೆ, ಹುರುಳಿ, ಹಾಲು, ಹಸಿ ತತ್ತಿಗಳ ಸೇವೆ ಸ್ವೀಕರಿಸುತ್ತ ಬಿಜಯಮಾಡಿಸಿರುವ ಶ್ರೀಮಾನ್ ಸರದಾರ ಟಗರು ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ಎದುರುಮನೆಯ ಪರಮೇಶಪ್ಪನ ಅನೇಕ ನಮಸ್ಕಾರಗಳು. ಈ ನಮಸ್ಕಾರಗಳನ್ನು ನಮ್ಮ ಕಟ್ಟೆಯ ಮೇಲಿನಿಂದಲೇ, ಬೆನ್ನು ನೆಟ್ಟಗಿಟ್ಟುಕೊಂಡು ಸಲ್ಲಿಸುತ್ತಿರುವುದನ್ನು ಅಗೌರವವೆಂದು ಎಣಿಸಬಾರದು. ದೊಡ್ಡವರ ಮುಂದೆ ತಲೆ ಬಾಗಿಸುವುದು ನಮ್ಮ ಪದ್ಧತಿಯೇ ಆದರೂ, ತಮ್ಮ ಮುಂದೆ ತಲೆ ಬಾಗಿಸಿದವರನ್ನು ತಾವು ಹೇಗೆ ಅರ್ಥಮಾಡಿಕೊಳ್ಳುತ್ತೀರಿ ಎಂಬುದು ಓಣಿಗೆಲ್ಲ ಗೊತ್ತಿರುವ ಸಂಗತಿ. ಇತ್ತ ನಾವು ಕ್ಷೇಮವಾಗಿದ್ದೇವೆ. ತಮ್ಮ ಕ್ಷೇಮವನ್ನು ಕೇಳುವ ಅವಶ್ಯಕತೆ ಇಲ್ಲ. ದಿನಾ ಬೆಳಿಗ್ಗೆ ಕಣ್ಣಾರೆ ನೋಡುತ್ತಿದ್ದೇನೆ.

ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ. ಮೊದಲು ಖಾಸಗಿಯಾಗಿಯೇ, ಹಾಳೆಯ ಎರಡೂ ಮಗ್ಗುಲು ತುಂಬ ಬರೆದು, ತಮ್ಮ ಎದುರಿಗೆ ಹಿಡಿದಿದ್ದೆ. ತಾವು ಅದನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಮೂಸಿ, ನನ್ನ ಸಹಿ ಇದ್ದ ಮೂಲೆಯಿಂದ ಆರಂಭಿಸಿ, ಪೂರ್ತಿ ತಿಂದು ಮುಗಿಸಿದಿರಿ. ಒಂದು ಅರ್ಜಿಯನ್ನು ಅಷ್ಟು ಲಗೂನೆ ವಿಲೇವಾರಿ ಮಾಡಿದ ಅಧಿಕಾರಿಯನ್ನು ನನ್ನ ಅರವತ್ತೇಳು ವರ್ಷದ ಆಯುಷ್ಯದಲ್ಲಿ ನಾನು ಕಂಡಿಲ್ಲವಾದ್ದರಿಂದ ಆ ವಿಷಯದಲ್ಲಿ ನನ್ನ ದೂರು ಏನೂ ಇಲ್ಲ. ದೂರು ಇರುವುದು ಬೇರೆ ವಿಷಯದಲ್ಲಿ.

ತಮಗೆ ನನ್ನ ಪರಿಚಯ ಇರಲಿಕ್ಕಿಲ್ಲ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ಮೂವತ್ತೊಂದು ವರ್ಷ ನಮ್ಮೂರ ಮೆಣಸಿನಕಾಯಿ ಪೇಟೆಯಲ್ಲಿ ಮಾಲು ಆರಿಸುವ ಕೆಲಸ ಮಾಡಿದವನು. ಓದಿದ್ದು ಕಡಿಮೆ, ರಿಪೇರಿ ಮಾಡಿದ್ದು ಬಹಳ. ನನ್ನ ಕನ್ನಡಕ, ನನ್ನ ಚಪ್ಪಲಿ, ಮನೆಯ ರೇಡಿಯೋ, ಮಿಕ್ಸರ್, ಹಿತ್ತಲ ಬಾಗಿಲು, ನಾನು ಕೈ ಹಚ್ಚದ ಸಾಮಾನು ನಮ್ಮ ಮನೆಯಲ್ಲಿಲ್ಲ. ಕೈ ಹಚ್ಚಿದ ಮೇಲೆ ಆ ಸಾಮಾನುಗಳು ಏನಾದವು ಎಂಬ ಬಗ್ಗೆ ನನ್ನ ಧರ್ಮಪತ್ನಿ ಮಂಗಳವ್ವಳ ಅಭಿಪ್ರಾಯ ಬೇರೆ ಇದೆ. ಅವಳ ಅಭಿಪ್ರಾಯ ಎಲ್ಲ ವಿಷಯದಲ್ಲೂ ಬೇರೆಯೇ ಇರುತ್ತದೆ.

ಮಾನ್ಯರೇ, ತಾವು ಗುದ್ದಿದ ಕರಿಯ ಗಾಡಿ ನನ್ನದಲ್ಲ. ಅದು ಕರ್ಜಗಿಯ ನಮ್ಮ ಬೀಗರದು. ನಮ್ಮ ಒಬ್ಬಳೇ ಮಗಳು ಅಂಜಲಿಯನ್ನು ಮೂರು ವರ್ಷದ ಹಿಂದೆ ಆ ಮನೆಗೆ ಕೊಟ್ಟಿದ್ದೇವೆ. ಅಳಿಯ ಸುಭಾಷ ಬಂಗಾರದಂಥವನು. ಆದರೆ ಆ ಮನೆಯಲ್ಲಿ ನಡೆಯುವುದು ಅವನ ತಾಯಿ ಉಚ್ಚಂಗೆವ್ವನವರ ಮಾತು. ಅವರು ಕೂಡುವ ತನಕ ಯಾರೂ ಕೂಡುವುದಿಲ್ಲ, ಅವರು ನಗುವ ತನಕ ಯಾರೂ ನಗುವುದಿಲ್ಲ, ಅವರು ನಕ್ಕದ್ದನ್ನು ನಾನಂತೂ ಮದುವೆಯ ಫೋಟೋದಲ್ಲಿಯೂ ನೋಡಿಲ್ಲ. ಅಂಜಲಿ ಮೂರು ವರ್ಷ ಅತ್ತೆಯ ಹತ್ತಿರ ತನಗೆಂದು ಒಂದು ಹಿಡಿ ಹೂವನ್ನೂ ಕೇಳಿದವಳಲ್ಲ. ಮೊದಲ ಬಾರಿ ಧೈರ್ಯ ಮಾಡಿ ಕೇಳಿದ್ದು ಈ ಗಾಡಿಯನ್ನು, ಅದೂ ತನಗಲ್ಲ, ತಾಯಿಗೆ. ಮಂಗಳವ್ವ ತನ್ನ ಮೊಣಕಾಲ ನೋವಿಗೆ ಕದರಮಂಡಲಗಿ ಹನುಮಪ್ಪನಿಗೆ ಹರಕೆ ಹೊತ್ತಿದ್ದಳು, ಮತ್ತು ಆ ಮೊಣಕಾಲಿನಿಂದ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಉಚ್ಚಂಗೆವ್ವನವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, ಎರಡು ರೊಟ್ಟಿ ಬಡಿದು ಮುಗಿಸಿ, "ಒಯ್ಯಲಿ. ಹೆಂಗ ಒಯ್ದಾರೋ ಹಂಗ ತರಲಿ" ಅಂದರಂತೆ. ಸುಭಾಷ ಶುಕ್ರವಾರ ಗಾಡಿ ತಂದು ಬಿಟ್ಟು, ಬರುವ ರವಿವಾರದ ನಂತರದ ರವಿವಾರ ಒಯ್ಯುತ್ತೇನೆಂದು ಹೇಳಿ ಬಸ್ಸಿಗೆ ಹೋದ. ಶನಿವಾರ ಹನುಮಪ್ಪನ ದರ್ಶನ ಚೆನ್ನಾಗಿ ಆಯಿತು. ಮಂಗಳವ್ವ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ಕಾಲು ಚಾಚಿದ್ದನ್ನು ನೋಡಿ ನನಗೇ ಕಣ್ಣು ತುಂಬಿ ಬಂತು.

ತಪ್ಪು ಮಾಡಿದ್ದು ರವಿವಾರ, ಮತ್ತು ಮೊದಲ ತಪ್ಪು ನನ್ನದು ಎಂದು ಒಪ್ಪಿಕೊಳ್ಳುತ್ತೇನೆ. ಪರರ ಮನೆಯ ಪಾತ್ರೆ ತಂದರೆ ಬೆಳಗಿಕೊಡಬೇಕು ಎಂದು ನಮ್ಮವ್ವ ಕಲಿಸಿದ್ದಳು. ಗಾಡಿಯೂ ಒಂದು ದೊಡ್ಡ ಪಾತ್ರೆಯೇ ಎಂದು ಬಗೆದು, ಮೂರು ಸಲ ತೊಳೆದು, ಮಂಗಳವ್ವಳ ಹಳೆಯ ನೂಲಿನ ಸೀರೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಎರಡು ತಾಸು ಒರೆಸಿದೆ. ಕರಿಯ ಬಾಗಿಲಿನಲ್ಲಿ ನನ್ನ ಮೀಸೆಯ ಬಿಳಿ ಕೂದಲು ಒಂದೊಂದೂ ಬೇರೆ ಬೇರೆ ಕಾಣುವಂತಾಯಿತು. ನಾನು ಹೆಮ್ಮೆಯಿಂದ ಚಹಾ ಕುಡಿಯಲು ಒಳಗೆ ಹೋದೆ. ಆ ಹೊತ್ತಿಗೆ ತಾವು ಗೂಟವನ್ನು ಹಗ್ಗದ ಸಮೇತ ಎಳೆದುಕೊಂಡು ಓಣಿಯನ್ನು ದಾಟಿ, ಗಾಡಿಯ ಎಡಗಡೆಯ ಹಿಂಬಾಗಿಲಿನ ಮುಂದೆ ನಿಂತಿರಿ.

ಅಲ್ಲಿ ತಮಗೆ ಇನ್ನೊಂದು ಟಗರು ಕಾಣಿಸಿತು. ನಾನು ಕಿಡಕಿಯಿಂದ ನೋಡಿದವನು, ಸಾಕ್ಷಿ ಹೇಳುತ್ತೇನೆ. ತಾವು ದಿಟ್ಟಿಸಿದಿರಿ, ಅದೂ ದಿಟ್ಟಿಸಿತು. ತಾವು ಹತ್ತು ಹೆಜ್ಜೆ ಹಿಂದೆ ಸರಿದಿರಿ, ಅದೂ ಸರಿಯಿತು; ಅದು ಹೆದರಿ ಸರಿದಿರಬಹುದೆಂದು ತಮಗೆ ಅನಿಸಿದ್ದರೂ ತಪ್ಪಿಲ್ಲ. ಆಮೇಲೆ ನಡೆದದ್ದನ್ನು ಬಣ್ಣಿಸಲು ನನ್ನ ಏಳನೆಯ ಇಯತ್ತೆ ಸಾಲದು. ಒಂದೇ ಏಟು. ಅದಕ್ಕೆ ಮೊದಲು ಬೈಗುಳವಿಲ್ಲ, ಅದರ ನಂತರ ಗದ್ದಲವಿಲ್ಲ. ಬಾಗಿಲಿನ ನಡುವೆ ರೊಟ್ಟಿಯಗಲದ, ಅಂಗೈ ಆಳದ, ಕೈವಾರ ಹಿಡಿದು ಗೀರಿದಂಥ ಒಂದು ನೆಗ್ಗು. ಎದುರಾಳಿ ಮಾಯವಾದದ್ದನ್ನು ನೋಡಿ ತಾವು ಮೂಗು ಏರಿಸಿ, ಗಂಭೀರವಾಗಿ ಮನೆಗೆ ನಡೆದಿರಿ. ಯಲ್ಲೇಶ ಓಡಿ ಬಂದು, ಗಾಡಿಯ ಕಡೆ ಕಣ್ಣೆತ್ತಿಯೂ ನೋಡದೆ, ತಮ್ಮ ಕೋಡು ಹಿಡಿದು ತಿರುವಿ ತಿರುವಿ ನೋಡಿ, ನನ್ನ ಮೇಲೆಯೇ ಹರಿಹಾಯ್ದ: "ಏನ್ರಿ ಕಾಕಾ, ಗಾಡಿ ಸ್ವಲ್ಪ ಆಕಡೆ ಹಚ್ಚಬಾರದಾ? ಕೋಡಿಗೆ ಏನರ ಆಗಿದ್ರ ಏನ್ ಮಾಡೂದಿತ್ತು?"

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷ, ಅಂದರೆ ನಾನು, ಇದನ್ನು ಮನೆಯಲ್ಲೇ ಸರಿಮಾಡಬಹುದು ಎಂದಿತು. ಇನ್ನೊಂದು ಪಕ್ಷ, ರೊಟ್ಟಿ ಕೊಡುವ ಅಧಿಕಾರ ತನ್ನ ಕೈಯಲ್ಲಿರುವ ಪಕ್ಷ, "ಹಲ್ಲು ನೋಯ್ದರ ನೀವ ಕಿತ್ಕೋತೀರೇನು? ಗಾಡಿ ಡಾಕ್ಟರ್ ಕಡೆ ಒಯ್ರಿ" ಎಂದಿತು. ಹೋದ ವರ್ಷ ಒಂದು ಹಲ್ಲನ್ನು ನಾನೇ ಕಿತ್ತುಕೊಂಡಿದ್ದೆ ಎಂಬುದನ್ನು ನೆನಪಿಸಿದೆ. "ಹೌದು, ಬಾಜೂ ಹಲ್ಲು" ಎಂದಳು. ಅಷ್ಟರಲ್ಲಿ ಅಂಜಲಿಯ ಫೋನು ಬಂತು. "ಅಪ್ಪಾ, ಗಾಡಿ ಚಲೋ ಐತಿಲ್ಲೋ? ಅತ್ತಿ ಎರಡ ಸಲ ಕೇಳಿದ್ರು" ಎಂದಳು. ನಾನು ಕಿಡಕಿಯಿಂದ ಆ ಕುಳಿಯನ್ನು ನೋಡುತ್ತ, "ಚಲೋ ಐತವಾ, ಫಳ ಫಳ ಹೊಳ್ಯಾಕತ್ತೈತಿ" ಎಂದೆ. ಮಗಳಿಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅದರ ಪಾಲುದಾರರು ತಾವು.

ಸೋಮವಾರ ನಾನು ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆಯ ಪ್ರಕಾರ ಹಂಡೆಯ ತುಂಬ ನೀರು ಕುದಿಸಿ ಬಾಗಿಲಿಗೆ ಸುರಿದೆ. ಬಿಸಿಗೆ ತಗಡು ತಾನೇ ಉಬ್ಬಿ ಬರುತ್ತದೆ ಎಂದು ಅಲ್ಲಿ ಒಬ್ಬ ಬಿಳಿಯ ಮನುಷ್ಯ ನಗುನಗುತ್ತ ತೋರಿಸಿದ್ದ. ಅವನು ತೋರಿಸಿದ್ದು ಪ್ಲಾಸ್ಟಿಕ್ ಬಂಪರಿನ ಮೇಲೆ ಎಂಬುದು ನಾಲ್ಕನೆಯ ಹಂಡೆಯ ನಂತರ ಮಂಗಳವ್ವಳ ಕಣ್ಣಿಗೆ ಬಿತ್ತು. "ನಿನ್ನೆ ಎಣ್ಣಿ ಹಚ್ಚಿದ್ರಿ, ಇವತ್ತ ಬಿಸಿನೀರು ಎರದ್ರಿ, ಇನ್ನ ಲೋಬಾನ ಹಾಕಿ ಮಲಗಿಸ್ರಿ, ಬಾಣಂತನ ಪೂರಾ ಆಕ್ಕೈತಿ" ಎಂದು ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಹೇಳಿದಳು. ನಾನು ಬಚ್ಚಲಿನ ಕೊಳವೆ ಕಟ್ಟಿದಾಗ ಎಳೆಯುವ ರಬ್ಬರಿನ ಬಟ್ಟಲನ್ನು ತಂದು ಅಂಟಿಸಲು ಹೋದೆ. ಬೀಗರ ಗಾಡಿಗೆ ಅದನ್ನು ಮುಟ್ಟಿಸಿದರೆ ತಾನು ಮುಂದೆ ಕರ್ಜಗಿಯಲ್ಲಿ ನೀರೂ ಕುಡಿಯುವುದಿಲ್ಲ ಎಂದು ಅವಳು ಆಣೆ ಮಾಡಿದ್ದರಿಂದ ಆ ಶಾಸ್ತ್ರವನ್ನು ಅಲ್ಲಿಗೇ ಕೈಬಿಟ್ಟೆ.

ಮಂಗಳವಾರ ನನಗೆ ಹೊಳೆದದ್ದನ್ನು ಯಾವ ಬಿಳಿಯ ಮನುಷ್ಯನೂ ಯಾವ ಮೊಬೈಲಿನಲ್ಲೂ ತೋರಿಸಲಾರ. ಭಾರ ಎತ್ತಿದವರಿಗೆ ಹೊಕ್ಕಳದ ಬುಡದಲ್ಲಿ ಬಟ್ಟಿ ಸರಿದು ಹೊಟ್ಟೆ ಹಿಡಿದುಕೊಳ್ಳುವುದು ತಮಗೆ ತಿಳಿದಿರಬಹುದು. ಅದಕ್ಕೆ ನಮ್ಮ ಓಣಿಯಲ್ಲಿ ಕುಲ್ಸುಮಬಿಯವರ ಕೈ ಎತ್ತಿದ ಕೈ. ಹೊಕ್ಕಳದ ಮೇಲೆ ಕಣಕದ ಹಣತೆ ಇಟ್ಟು, ಬತ್ತಿ ಹಚ್ಚಿ, ಮೇಲೆ ಹಿತ್ತಾಳೆಯ ಚರಿಗೆಯನ್ನು ಬೋರಲು ಮುಚ್ಚಿದರೆ ದೀಪ ಆರಿ, ಚರಿಗೆ ಹೊಟ್ಟೆಯನ್ನು ಹೀರಿ ಹಿಡಿದು, ಒಳಗೆ ಸರಿದದ್ದನ್ನು ಮೇಲಕ್ಕೆ ಎಳೆಯುತ್ತದೆ. ನಾನು ಹೋಗಿ ಕರೆದೆ. ಅವರು ಗಾಡಿಯನ್ನು ಸುತ್ತು ಹಾಕಿ ನೋಡಿ, ನೆಗ್ಗಿನಲ್ಲಿ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ, "ಸರಿದೈತಿ ಅಣ್ಣಾ. ಬಾಳ ಒಳಗ ಸರಿದೈತಿ" ಎಂದರು. ಕಣಕ ಮೆತ್ತಿ, ಕರ್ಪೂರ ಹಚ್ಚಿ, ಚರಿಗೆಯನ್ನು ಬಾಗಿಲಿಗೆ ಒತ್ತಿದರು. ಮಾನ್ಯರೇ, ಚರಿಗೆ ಹಿಡಿಯಿತು! ಎಷ್ಟು ಹಿಡಿಯಿತೆಂದರೆ ಆಮೇಲೆ ಬಿಡಲಿಲ್ಲ. ನಾನು ಎಳೆದೆ, ಯಲ್ಲೇಶ ಎಳೆದ, ಕುಲ್ಸುಮಬಿಯವರು ಎಳೆಯುವುದು ಶಾಸ್ತ್ರಕ್ಕೆ ವಿರುದ್ಧವೆಂದು ದೂರ ನಿಂತರು. ಮಧ್ಯಾಹ್ನದ ಊಟದ ಹೊತ್ತಿನವರೆಗೆ ಬೀಗರ ಗಾಡಿ ಒಂದು ಚರಿಗೆಯನ್ನು ಮಗ್ಗುಲಿಗೆ ಅವಚಿಕೊಂಡು ಹೊಲಕ್ಕೆ ಹೊರಟ ಮುದುಕನ ಹಾಗೆ ನಿಂತಿತ್ತು. ಕೊನೆಗೆ ಟಪ್ ಎಂದು ತಾನೇ ಬಿಟ್ಟಿತು. ನೋಡಿದರೆ ಕುಳಿಯ ನಟ್ಟನಡುವೆ ಒಂದು ಲಿಂಬೆಹಣ್ಣಿನಷ್ಟು ತಗಡು ಮೇಲೆ ಬಂದು, ಸುತ್ತಲೂ ಮಸಿಯ ಉಂಗುರ ಮೂಡಿತ್ತು. ಹೊಟ್ಟೆ ಹಾಗೆಯೇ ಇತ್ತು. ಬಾಗಿಲಿಗೆ ಹೊಕ್ಕಳ ಹುಟ್ಟಿತ್ತು. ಕುಲ್ಸುಮಬಿಯವರು ಮೂರು ದಿನ ಭಾರ ಹೊರಿಸಬಾರದು, ಖಾರ ಕೊಡಬಾರದು ಎಂದು ಪಥ್ಯ ಹೇಳಿ ಹೋದರು.

ಬುಧವಾರದ ಬಗ್ಗೆ ಹೆಚ್ಚು ಬರೆಯಲಾರೆ. ಒಳಗಿನ ಹೊದಿಕೆ ಬಿಚ್ಚಿ, ಮರದ ಸುತ್ತಿಗೆಯಿಂದ ಒಳಗಿನಿಂದ ಹೊರಕ್ಕೆ ಹನ್ನೊಂದು ಏಟು ಹಾಕಿದೆ. ಹೊದಿಕೆಯನ್ನು ಮತ್ತೆ ಕೂಡಿಸಿದಾಗ ಐದು ಸ್ಕ್ರೂ ಉಳಿದವು. ಅವು ಮೊದಲಿಂದಲೂ ಹೆಚ್ಚಿಗೆ ಇದ್ದವೆಂದು ಈಗಲೂ ನನ್ನ ನಂಬಿಕೆ. ಬಾಗಿಲು ಉದ್ದಕ್ಕೂ ನಿರಿಗೆ ನಿರಿಗೆಯಾಗಿ ಸುಕ್ಕುಗಟ್ಟಿತು. ಆ ಕ್ಷಣ ನನಗೆ ನಿಜವಾಗಿ ಸಂತೋಷವಾಯಿತು, ಏಕೆಂದರೆ ಮೂವತ್ತೊಂದು ವರ್ಷ ನಾನು ಎತ್ತಿ ಹಿಡಿದು ಹೊಗಳಿದ್ದು ಸುಕ್ಕನ್ನೇ. ನಮ್ಮ ಪೇಟೆಯಲ್ಲಿ ನುಣ್ಣಗಿದ್ದ ಕಾಯಿಯನ್ನು ಯಾರೂ ಕೇಳುವುದಿಲ್ಲ. ಸುಕ್ಕು ಎಷ್ಟು ಹೆಚ್ಚೋ ಮಾನ ಅಷ್ಟು ಹೆಚ್ಚು. ಇಂಥ ಒಂದು ನಂಬರಿನ ಬ್ಯಾಡಗಿ ಬಾಗಿಲು ಇಡೀ ಹಾವೇರಿ ಜಿಲ್ಲೆಯಲ್ಲಿ ಬೀಗರೊಬ್ಬರ ಹತ್ತಿರವೇ ಇರುತ್ತದೆಂದು ಮಂಗಳವ್ವಳಿಗೆ ತಿಳಿಸಿ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಆ ಹುಡುಗಿ ಇನ್ನ ಅಲ್ಲಿ ಬಾಯಿ ತೆಗದು ಏನೂ ಕೇಳಾಂಗಿಲ್ಲರಿ" ಎಂದಳು, ಅಷ್ಟೇ. ಮಾನ್ಯರೇ, ನನ್ನ ಸುತ್ತಿಗೆಯನ್ನು ಕೆಳಗೆ ಇಡಿಸಿದ್ದು ಆ ಮಾತು.

ಗುರುವಾರ ಬೆಳಿಗ್ಗೆ ರಾಣೆಬೆನ್ನೂರಿಗೆ ಹೊರಟೆ. ಮೋಟೆಬೆನ್ನೂರಿನಲ್ಲಿ ಚಹಾಕ್ಕೆ ನಿಂತಾಗ ಅಂಗಡಿಯವನು ಬಾಗಿಲು ನೋಡಿ, "ಏನ್ರಿ ಹಿರ್ಯಾರ, ಲಾರಿ ಹೊಡೀತೇನು?" ಎಂದು ಮರುಗಿದ. ಇಲ್ಲ, ಟಗರು ಎಂದೆ. ಅವನ ಮುಖ ಒಮ್ಮೆಲೇ ಅರಳಿತು. "ಟಗರಾ? ಯಾವೂರ ಟಗರ್ರಿ? ಯಾರದು?" ಎಂದು ಕೇಳಿ, ಬೆಂಚಿನ ಮೇಲಿದ್ದವರನ್ನೆಲ್ಲ ಎಬ್ಬಿಸಿ ಕರೆತಂದ. ನಾನು ಹೇಗಿದ್ದೇನೆ, ನನಗೆ ಪೆಟ್ಟಾಯಿತೇ, ಬೀಗರು ಏನಂದಾರು, ಇದಾವುದನ್ನೂ ಒಬ್ಬನೂ ಕೇಳಲಿಲ್ಲ.

ಹಲಗೇರಿ ರಸ್ತೆಯ ಬದಿಗೆ ರಹಿಮಾನಸಾಬರ ಡೆಂಟಿಂಗ್ ಶೆಡ್ಡು ಇದೆ. ಅವರು ಮೊಣಕಾಲೂರಿ ಕೂತು, ಬಾಗಿಲಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿಟ್ಟು, ಓರೆಗಣ್ಣಿನಿಂದ ಬಹಳ ಹೊತ್ತು ನೋಡಿದರು. "ಇದನ್ನ ಯಾರು ಮಾಡ್ಯಾರ ಯಜಮಾನ್ರ?" ಎಂದರು. ಟಗರು ಎಂದೆ. "ಟಗರು ಮಾಡಿದ್ದು ಗೊತ್ತಾಗ್ತೈತ್ರಿ. ಅದು ಕಸಬುದಾರ ಕೆಲಸ, ಒಂದ ಏಟಿಗೆ ಮುಗಿಸೈತಿ. ಅದರ ಮ್ಯಾಲ ಈ ಉಪದ್ವ್ಯಾಪ ಮಾಡಿದವ್ರು ಯಾರು ಅಂತ ಕೇಳಾಕತ್ತೇನಿ." ನಾನು ನಮ್ಮೂರಿನ ಒಬ್ಬ ಮೆಕ್ಯಾನಿಕ್ ಎಂದೆ. "ಅವನ ಕಡೆ ಇನ್ನೊಮ್ಮೆ ಹೋಗಬ್ಯಾಡ್ರಿ. ಈ ಹೊಕ್ಕಳ ಹೆಂಗ ಬಂತು ಅಂತ ಮಾತ್ರ ಒಂದ್ ಸಲ ಕೇಳಿ ಹೇಳ್ರಿ, ಮೂವತ್ತು ವರ್ಷದಾಗ ಇಂಥಾದ್ದು ನೋಡಿಲ್ಲ" ಎಂದರು. ತಮ್ಮ ಏಟು ಒಂದನ್ನೇ ತಂದಿದ್ದರೆ ಒಂದು ಮಧ್ಯಾಹ್ನದ ಕೆಲಸವಂತೆ. ಉದ್ದನೆಯ ಕಡ್ಡಿ ಒಳಗೆ ತೂರಿಸಿ ಬೆಣ್ಣೆ ಒತ್ತಿದ ಹಾಗೆ ಒತ್ತಿ ತೆಗೆಯುತ್ತಿದ್ದರಂತೆ, ಬಣ್ಣವೂ ಹೋಗುತ್ತಿರಲಿಲ್ಲವಂತೆ. ನನ್ನ ಹನ್ನೊಂದು ಏಟು ಸೇರಿದ್ದರಿಂದ ಎರಡು ದಿನ ಬೇಕಾಯಿತು. ಇಷ್ಟೊತ್ತು ತಮ್ಮನ್ನು ದೂರುತ್ತ ಬಂದವನು ಇದನ್ನು ಮುಚ್ಚಿಡುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ: ಅವರ ಲೆಕ್ಕದಲ್ಲಿ ಕಸುಬು ಬಲ್ಲವರು ತಾವು, ಮನೆಮದ್ದಿನವನು ನಾನು.

ಶನಿವಾರ ಗಾಡಿ ಕೈಗೆ ಬಂತು. ರಹಿಮಾನಸಾಬರು ನನ್ನ ಕಥೆ ಕೇಳಿ ಕರಗಿ, "ಹೆಣ್ಣ ಕೊಟ್ಟ ಮನಿ ಗಾಡಿ, ಮುಖಾ ಕಾಣೂ ಹಂಗ ಇರಬೇಕ್ರಿ" ಎಂದು, ಕೇಳದೆಯೇ ನಾಲ್ಕೂ ಬಾಗಿಲಿಗೆ ಮಷೀನಿನಿಂದ ಪಾಲಿಶ್ ಮಾಡಿಕೊಟ್ಟಿದ್ದರು. ಆ ಮಾತಿಗೆ ನಾನು ಅಲ್ಲಿಯೇ ಬೆವರಬೇಕಿತ್ತು. ಬೆವರಲಿಲ್ಲ, ಕೈಮುಗಿದು ಬಂದೆ. ಆದರೂ ನಾನು ಪೂರ್ತಿ ದಡ್ಡನಲ್ಲವೆಂದು ತಿಳಿಯಬೇಕು. ಹೊಸದಾಗಿ ಆದ ಎಡಗಡೆ ತಮ್ಮ ಕಣ್ಣಿಗೆ ಬೀಳಬಾರದೆಂದು ಗಾಡಿಯನ್ನು ತಿರುಗಿಸಿ, ಎಡಮಗ್ಗುಲನ್ನು ಗೋಡೆಗೆ ಆನಿಸಿ ನಿಲ್ಲಿಸಿದೆ. ಹೀಗೆ ಬಲಮಗ್ಗುಲನ್ನು, ಇಳಿಬಿಸಿಲಿನಲ್ಲಿ ಕೆರೆಯ ಹಾಗೆ ಹೊಳೆಯುತ್ತಿದ್ದ ಬಲಮಗ್ಗುಲನ್ನು, ತಮ್ಮ ಅಂಗಳಕ್ಕೆ ನೇರವಾಗಿ ಎದುರು ಮಾಡಿಟ್ಟು, ಮಂಗಳವ್ವಳನ್ನು ಕೂಗಿ ಕರೆದು ತೋರಿಸುವಷ್ಟರಲ್ಲಿ, ಯಲ್ಲೇಶನ ಹೊಸ ಗೂಟವೂ ನೆಲ ಬಿಟ್ಟಿತ್ತು.

ಎರಡನೆಯದು ಮೊದಲನೆಯದಕ್ಕಿಂತ ಆಳವಾಗಿದೆ. ಸೋತು ಓಡಿಹೋದವನು ಆರು ದಿನ ಬಿಟ್ಟು, ಮೈಗೆ ಎಣ್ಣೆ ತಿಕ್ಕಿಕೊಂಡು, ಇನ್ನೂ ಕೊಬ್ಬಿ ಬಂದಿದ್ದಾನೆಂದು ತಮಗೆ ಸಿಟ್ಟು ಬಂದದ್ದು ಸಹಜ.

ಈ ಹಂತದಲ್ಲಿ ತಮ್ಮಲ್ಲಿ ನನ್ನ ವಿನಂತಿಗಳನ್ನು ಸಲ್ಲಿಸಿ ಪತ್ರ ಮುಗಿಸಬೇಕೆಂದಿದ್ದೆ. ತಾವು ದಿನಕ್ಕೊಮ್ಮೆ ನೀರಿನ ಬಕೇಟಿನಲ್ಲಿ ಮುಖ ನೋಡಿಕೊಂಡು, ಅದು ತಮ್ಮದೇ ಎಂದು ರೂಢಿ ಮಾಡಿಕೊಳ್ಳಬೇಕು; ಗುದ್ದಲೇಬೇಕಾದಲ್ಲಿ ಎಂಟು ದಿನ ಮುಂಚಿತವಾಗಿ, ಯಾವ ಬಾಗಿಲು, ಯಾವ ಹೊತ್ತು ಎಂದು ತಿಳಿಸಬೇಕು; ಆಗದಿದ್ದರೆ ಒಳಗಿನಿಂದ ಹೊರಕ್ಕೂ ಅದೇ ಅಳತೆಯಲ್ಲಿ ಒಂದು ಏಟು ಹಾಕಿಕೊಟ್ಟು ಲೆಕ್ಕ ಸಮ ಮಾಡಬೇಕು, ಇತ್ಯಾದಿ. ತಾವು ತಿಂದ ಪ್ರತಿಯಲ್ಲಿ ಇವೆಲ್ಲ ವಿವರವಾಗಿ ಇದ್ದವು. ಆದರೆ ರವಿವಾರ ಬೆಳಿಗ್ಗೆ ನಡೆದದ್ದು ನನ್ನ ಅರ್ಜಿಯ ದಿಕ್ಕನ್ನೇ ಬದಲಿಸಿತು.

ಆ ಬೆ‌ಳಗಿನ ಹೊತ್ತಿಗೆ ನಾನು ಗಾಡಿಯ ಮೈಯಲ್ಲಿ ಒಂದಿಷ್ಟೂ ಹೊಳಪು ಕಾಣದಂತೆ ಪೇಟೆಯ ಹಳೆಯ ಗೋಣಿಚೀಲಗಳನ್ನು ಹೊದಿಸಿ, ದಾರದಿಂದ ಬಿಗಿದಿದ್ದೆ. ಸುಭಾಷನೊಬ್ಬನೇ ಬರುತ್ತಾನೆಂದು ತಿಳಿದಿದ್ದೆ. ಅವನ ಹಿಂದೆ ಉಚ್ಚಂಗೆವ್ವನವರು ಬಂದರು. ಗಾಡಿಯನ್ನು ಮೇಲೆ ಕೆಳಗೆ ನೋಡಿ, "ಬೀಗರ, ಗಾಡಿಗೆ ಚಳಿಜ್ವರ ಬಂದೈತೇನ್ರಿ?" ಎಂದರು. ನಾನು ದಾರ ಬಿಚ್ಚಿ ಚೀಲ ಎಳೆದೆ. ಚೀಲದಲ್ಲಿ ಉಳಿದಿದ್ದ ಮೆಣಸಿನಕಾಯಿಯ ಘಾಟು ಎದ್ದು, ಅಲ್ಲಿದ್ದವರೆಲ್ಲ ಒಂದೇ ಸಮನೆ ಸೀನತೊಡಗಿದೆವು. ಹೀಗೆ ನನ್ನ ಜೀವನದ ಅತಿ ಕಷ್ಟದ ಮಾತನ್ನು ನಾನು ಸೀನುಗಳ ನಡುವೆ ಹೇಳಬೇಕಾಯಿತು. ಎಡಗಡೆಯದು, ಬಲಗಡೆಯದು, ಬಿಸಿನೀರು, ಚರಿಗೆ, ಸುತ್ತಿಗೆ, ಯಾವುದನ್ನೂ ಬಿಡದೆ ಹೇಳಿ, "ತಪ್ಪೆಲ್ಲಾ ನಂದ್ರಿ. ಅಂಜಲಿಗೆ ಏನೂ ಗೊತ್ತಿಲ್ಲ. ಆಕಿ ಮ್ಯಾಲ ಸಿಟ್ಟ ಮಾಡಬ್ಯಾಡ್ರಿ" ಎಂದು ಕೈಮುಗಿದೆ.

ಉಚ್ಚಂಗೆವ್ವನವರು ಬಲಬಾಗಿಲಿನ ಹತ್ತಿರ ಹೋಗಿ, ಅಂಗೈಯನ್ನು ಆ ಕುಳಿಯಲ್ಲಿ ಇಟ್ಟರು.

"ಎಷ್ಟ ಏಟಿಗೆ ಆಗಿದ್ದು ಇದು?"

ಒಂದೇ ಎಂದೆ.

"ಒಂದ?" ಎಂದು ತಿರುಗಿ ನನ್ನ ಮುಖ ನೋಡಿದರು. "ಎಲ್ಲೈತಿ ಅದು?"

ಮುಂದಿನದು ತಮಗೇ ಗೊತ್ತಿದೆ, ಆದರೂ ಓಣಿಯ ತಿಳುವಳಿಕೆಗಾಗಿ ಬರೆಯುತ್ತೇನೆ. ಅವರು ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿಕೊಂಡು ತಮ್ಮ ಅಂಗಳಕ್ಕೆ ನೇರವಾಗಿ ನಡೆದರು. ನಾನು ಬೇಡ ಎನ್ನುವಷ್ಟರಲ್ಲಿ ತಮ್ಮ ಎರಡೂ ಕೋಡು ಹಿಡಿದು, ಹಣೆಯನ್ನು ಹೆಬ್ಬೆರಳಿನಿಂದ ಒತ್ತಿ, ತುಟಿ ಬಿಡಿಸಿ ಹಲ್ಲು ಎಣಿಸಿದರು. ಮೂರು ಊರಿನ ಟಗರುಗಳನ್ನು ಕಾಳಗದಲ್ಲಿ ಮಣ್ಣು ಮುಕ್ಕಿಸಿದ ಸರದಾರ ಸಾಹೇಬರಾದ ತಾವು ಶಾಲೆಯ ಮೊದಲ ದಿನದ ಕೂಸಿನ ಹಾಗೆ ನಿಂತುಕೊಂಡಿರಿ. "ನಾಕ ಹಲ್ಲಿನ ಎಳೇ ಟಗರಿಗೆ ಈ ಏಟು!" ಎಂದು ಉಚ್ಚಂಗೆವ್ವನವರು ಯಲ್ಲೇಶನ ಕಡೆ ತಿರುಗಿ, "ಏನ್ ತಿನಸ್ತೀಯೋ ತಮ್ಮಾ ಇದಕ? ಹುರಳಿ ನೆನಸಿ ಕೊಡ್ತಿಯೋ, ಕುದಿಸಿ ಕೊಡ್ತಿಯೋ? ನಮ್ಮಪ್ಪ ಟಗರ ಕಟ್ಟಿದ್ದ. ಸಣ್ಣಾಕಿದ್ದಾಗ ನನ್ನ ಕೈಲೇ ತಿಂತಿತ್ತು, ಬ್ಯಾರೇದವರ ಕೈಲೇ ಮುಟ್ಟತಿದ್ದಿಲ್ಲ" ಎಂದರು. ಎಂದು, ನಕ್ಕರು. ಸುಭಾಷ ನನ್ನ ತೋಳು ಹಿಡಿದುಕೊಂಡ. ಅವನಿಗೂ ಅದು ಹೊಸ ನೋಟವೆಂದು ಕಾಣುತ್ತದೆ.

ಮರಳಿ ಬಂದವರು ಗಾಡಿಯ ಎಡಗಡೆಗೆ ಹೋಗಿ, ರಹಿಮಾನಸಾಬರು ಎರಡು ದಿನ ಬೆವರು ಸುರಿಸಿ ಮಾಡಿದ ಬಾಗಿಲನ್ನು ಸವರಿ ನೋಡಿ, ಮುಖ ಸಣ್ಣದು ಮಾಡಿಕೊಂಡರು.

"ಇಲ್ಲಿದ್ದದ್ದನ್ನ ಯಾಕ ಅಳಿಸಿದ್ರಿ ಬೀಗರ?"

"ಹೆಂಗ ಒಯ್ದಾರೋ ಹಂಗ ತರಲಿ ಅಂದಿದ್ರೆಲ್ರಿ ನೀವು" ಎಂದೆ.

"ಅಂದಿದ್ದೆ. ಆವಾಗ ಟಗರ ನೋಡಿದ್ದಿಲ್ಲ."

ಬಲಬಾಗಿಲನ್ನು ಯಾರಾದರೂ ರಿಪೇರಿ ಮಾಡಿಸಿದರೆ ತನಗೆ ಜವಾಬು ಕೊಡಬೇಕಾಗುತ್ತದೆಂದು ಮಗನಿಗೆ ತಾಕೀತು ಮಾಡಿ, ಮಂಗಳವ್ವ ಕೊಟ್ಟ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಕುಳಿಯ ಪಕ್ಕಕ್ಕೇ ಕೂತು ಕರ್ಜಗಿಗೆ ಹೋದರು.

ಇಷ್ಟಾದರೂ ನನಗೆ ಎರಡು ದಿನ ಊಟ ಸೇರಲಿಲ್ಲ. ಬೀಗರ ಅಂಗಳದಲ್ಲಿ ಆಡುವ ಮಾತು ಬೇರೆ, ಮನೆಗೆ ಹೋಗಿ ಸೊಸೆಗೆ ಆಡುವ ಮಾತು ಬೇರೆ ಇರಬಹುದು. ಮಂಗಳವಾರ ಅಂಜಲಿಯ ಫೋನು ಬಂತು. "ಅಪ್ಪಾ, ನನ್ನ ಮುಂದ ಸುಳ್ಳ ಹೇಳಿದ್ದಿ ನೀ" ಎಂದಳು. ಹೌದವಾ ಎಂದೆ. ಆಮೇಲೆ ಅವಳ ಧ್ವನಿ ಇಳಿಯಿತು. ಯಾರಿಗೂ ಕೇಳದಂತೆ ಹಿತ್ತಲಿನಲ್ಲಿ ನಿಂತು ಮಾತಾಡುತ್ತಿದ್ದಳು. "ಅಪ್ಪಾ, ಅತ್ತಿ ಈಗ ಅಡಗಿ ಮನಿಗೆ ಬಂದಿದ್ರು. ಬಂದು, 'ಅಂಜಲಿ, ನಿನ್ನ ಕಡೆ ನಂದೊಂದು ಕೆಲಸ ಇತ್ತವಾ. ನಿಮ್ಮಪ್ಪಗ ನಾ ಕೇಳಿದ್ರ ಚಲೋ ಕಾಣಾಂಗಿಲ್ಲ, ನೀನ ಕೇಳು' ಅಂದ್ರು. ಮೂರು ವರ್ಷದಾಗ ಮೊದಲ ಸಲ ಅಪ್ಪಾ, ಅತ್ತಿ ನನ್ನ ಕಡೆ ಒಂದು ಕೇಳ್ಯಾರ. ನೀ ಇಲ್ಲ ಅನಬ್ಯಾಡ. ನಾನು ಹ್ಞೂಂ ಅಂದು ಬಿಟ್ಟೇನಿ."

ಕೇಳಿದ್ದು ಏನೆಂದರೆ, ಮಾನ್ಯರೇ, ತಮ್ಮನ್ನು. ಕರ್ಜಗಿಯ ಅವರ ಕೊಟ್ಟಿಗೆಯಲ್ಲಿ ಎರಡು ಹೆಣ್ಣು ಕುರಿಗಳಿವೆ. ತಾವು ಎಂಟು ದಿನದ ಮಟ್ಟಿಗೆ ಅಲ್ಲಿಗೆ ದಯಮಾಡಿಸಿ, ತಮ್ಮ ವಂಶವನ್ನು ಆ ಮನೆಯಲ್ಲಿ ಬೆಳಗಿಸಬೇಕೆಂದು ಉಚ್ಚಂಗೆವ್ವನವರ ಆಸೆ. ಯಲ್ಲೇಶ ಒಪ್ಪಿದ್ದಾನೆ. ಬರುವ ಶುಕ್ರವಾರ ಸುಭಾಷ ಅದೇ ಗಾಡಿಯನ್ನು ತಂದು ಬಿಡುತ್ತಾನೆ. ಆದಕಾರಣ, ಮೇಲೆ ಕಾಣಿಸಿದ ಎಲ್ಲ ದೂರುಗಳನ್ನೂ ಈ ಮೂಲಕ ಹಿಂದಕ್ಕೆ ಪಡೆಯುತ್ತಿದ್ದೇನೆ, ಮತ್ತು ತಮ್ಮನ್ನು ಇಂದಿನಿಂದ ಬೀಗರೆಂದು ಸಂಬೋಧಿಸಲು ಅಪ್ಪಣೆ ಬೇಡುತ್ತಿದ್ದೇನೆ. ನನ್ನ ಮಗಳು ತನ್ನ ಅತ್ತೆಗೆ ಹ್ಞೂಂ ಅಂದಿದ್ದಾಳೆ, ತಾವೂ ಅನ್ನಬೇಕು. ಅಲ್ಲಿ ಎಂಟು ದಿನ ಬಾಗಿಲು, ಕಪಾಟು, ಉಕ್ಕಿನ ಕೊಡ, ಬೋಳುತಲೆಯ ಹಿರಿಯರು, ಯಾರಲ್ಲಿ ತಮ್ಮ ಮುಖ ಕಂಡರೂ ಅದನ್ನು ನೆಂಟರೆಂದು ತಿಳಿದು ಸುಮ್ಮನಿರಬೇಕಾಗಿ ವಿನಂತಿ.

ಎರಡೂ ಕೈ ಜೋಡಿಸಿ, ತಲೆಯನ್ನು ಮಾತ್ರ ಎತ್ತಿಕೊಂಡೇ ಇರುವ,
ತಮ್ಮ ವಿಶ್ವಾಸಿ,
ಪರಮೇಶಪ್ಪ

ತಾ.ಕ.: ತಮ್ಮನ್ನು ಹಿಂದಿನ ಸೀಟಿನಲ್ಲಿ, ಹಾಸಿದ ಕಂಬಳಿಯ ಮೇಲೆ ಕೂಡಿಸುವುದೆಂದು ತೀರ್ಮಾನವಾಗಿದೆ. ಗಾಡಿ ನಡೆಸುವವನು ನಾನು. ಒಂದು ಸಂಗತಿ ಮೊದಲೇ ತಿಳಿಸುತ್ತೇನೆ: ಗಾಡಿಯ ಒಳಗೆ, ಮುಂದಿನ ಗಾಜಿನ ಹತ್ತಿರ, ಅಂಗೈಯಗಲದ ಒಂದು ಕನ್ನಡಿ ತೂಗಿಬಿಟ್ಟಿದೆ, ಮತ್ತು ಹಿಂದೆ ಕೂತವರ ಮುಖ ಅದರಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಕಾಣುವವರು ಎಷ್ಟೇ ದುರುಗುಟ್ಟಿದರೂ ತಾವು ದಯವಿಟ್ಟು ಕಿಡಕಿಯ ಹೊರಗೆ ಹೊಲಗಳನ್ನು ನೋಡುತ್ತಿರಬೇಕು. ಆ ಕನ್ನಡಿಗೂ ತಮಗೂ ನಡುವೆ ಇರುವುದು ನನ್ನ ತಲೆ ಒಂದೇ. ಅದರಲ್ಲಿ ನೆಗ್ಗು ಬಿದ್ದರೆ ನಾನೇ ಸರಿಮಾಡಿಕೊಳ್ಳಲಾರೆ, ರಹಿಮಾನಸಾಬರೂ ಕೈ ಹಚ್ಚುವುದಿಲ್ಲ ಎಂದಿದ್ದಾರೆ.